ಹರಾಜಿನ ಚಿತ್ರದಲ್ಲಿ ಓಮಾ ನೇಲ್

ಹಾಲೆಂಡಿಗೆ ಹೋಗಿಬಂದ ಮೇಲೆ ಹಾಸನದ ಕಡೆಯ ಜನ ನನ್ನನ್ನು ಕಂಡಲ್ಲೆಲ್ಲ ಕೇಳುವುದು ಆಲೂಗಡ್ಡೆಯ ವಿಷಯವನ್ನೇ. ಬಿತ್ತನೆ ಗಡ್ಡೆಯನ್ನು ಅಲ್ಲಿ ಹೇಗೆ ಕಾಪಾಡುತ್ತಾರೆ, ಅಂಗಮಾರಿ ರೋಗಕ್ಕೆ ಏನು ಹೊಡೆಯುತ್ತಾರೆ, ಎಕರೆಗೆ ಎಷ್ಟು ಮೂಟೆ ತೆಗೆಯುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ, ಕೃಷಿ ಇಲಾಖೆ ನನ್ನನ್ನು ಕಳಿಸಿದ್ದೇ ಅದಕ್ಕೆ. ಅದನ್ನೆಲ್ಲ ವರದಿಯಲ್ಲಿ ಬರೆದು ಒಪ್ಪಿಸಿದ್ದೇನೆ. ಬೇಕಾದವರು ಅರಕಲಗೂಡಿನ ನಮ್ಮ ಆಫೀಸಿಗೆ ಬಂದು ಓದಬಹುದು. ಇದುವರೆಗೆ ಯಾರೂ ಬಂದಿಲ್ಲ. ಆದರೆ ವರದಿಗೆ ಸೇರಿಸಲು ಬಾರದ ಒಂದು ಸಂಗತಿಯನ್ನು ನನ್ನ ಹೆಂಡತಿ ಮಕ್ಕಳು ನಾಲ್ಕು ಸಲ ಹೇಳಿಸಿಕೊಂಡಿದ್ದಾರೆ. ಐದನೆಯ ಸಲ ಹೇಳುವ ಬದಲು ಬರೆದೇಬಿಡುತ್ತೇನೆ.

ಗೋವಾ ನಮ್ಮದಾದ ಮರುವರ್ಷದ ಬೇಸಿಗೆ ಅದು. ಹೋದವರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ಹಳ್ಳಿಮೈಸೂರಿನ ಕೆಂಚೇಗೌಡರು. ನಲವತ್ತೈದರ ಗಟ್ಟಿ ಆಳು. ಒಳ್ಳೆಯ ಆಲೂಗಡ್ಡೆ ಬೆಳೆದದ್ದಕ್ಕೆ ಸರ್ಕಾರ ಆರಿಸಿ ಕಳಿಸಿದ ರೈತ. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಆದರೆ ನಿಧಾನವಾಗಿ ಹೇಳಿದರೆ ಕನ್ನಡ ಎಲ್ಲರಿಗೂ ಅರ್ಥವಾಗುತ್ತದೆಂದು ಅವರು ಬಲವಾಗಿ ನಂಬಿದ್ದರು. ಆ ನಂಬಿಕೆ ಪೂರ್ತಿ ಸುಳ್ಳೆಂದು ಹೇಳುವ ಧೈರ್ಯ ನನಗೆ ಈಗ ಇಲ್ಲ.

ಏರಿಯ ಕೆಳಗಿನ ಮನೆ

ನಾವು ಉಳಿದುಕೊಂಡದ್ದು ಉತ್ತರ ಹಾಲೆಂಡಿನ ಒಂದು ಹಳ್ಳಿಯಲ್ಲಿ, ಪೀಟರ್ ಎಂಬ ರೈತನ ಮನೆಯಲ್ಲಿ. ಪೀಟರ್ ಮದುವೆಯಾಗದ ಮನುಷ್ಯ, ನಮಗಿಂತ ಒಂದು ಮೊಳ ಎತ್ತರ. ಯುದ್ಧ ಮುಗಿದ ವರ್ಷ ಆ ಊರಿಗೆ ಬಂದಿದ್ದ ಕೆನಡಾದ ಸಿಪಾಯಿಗಳಿಂದ ಇಂಗ್ಲಿಷ್ ಕಲಿತಿದ್ದ. ಹಾಗಾಗಿ ಅವನ ಇಂಗ್ಲಿಷಿನಲ್ಲಿ ಅರ್ಧ ಬೈಗುಳ. ಅವು ಬೈಗುಳವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಚರ್ಚಿನಿಂದ ಬಂದವನ ಗಂಭೀರ ಮುಖದಲ್ಲಿ ಅವನ್ನು ಆಡುತ್ತಿದ್ದ.

ಮೊದಲ ದಿನವೇ ನಮ್ಮನ್ನು ಒಂದು ಮಣ್ಣಿನ ಏರಿಯ ಮೇಲೆ ಹತ್ತಿಸಿದ. ಒಂದು ಪಕ್ಕ ನೀರು, ದೋಣಿಗಳು. ಇನ್ನೊಂದು ಪಕ್ಕ ಅವನ ಹೊಲ, ಮನೆ, ಹಸುಗಳು. ನೀರು ಅವನ ಮನೆಯ ಕಿಟಕಿಗಿಂತ ಮೇಲಿತ್ತು.

ಗೌಡರು ಎರಡೂ ಕಡೆ ನೋಡಿ ಗಾಬರಿಯಾದರು. “ಇದೇನ್ ಸಾ, ಕೆರೆ ಏರಿ ಕೆಳಗೇ ಮನೆ ಕಟ್ಕಂಡವ್ರಲ್ಲ! ಕೋಡಿ ಎಲ್ಲೈತೆ ಕೇಳಿ.”

ಕೇಳಿದೆ. ಕೋಡಿ ಇಲ್ಲ, ಹಗಲೂ ರಾತ್ರಿ ನೀರನ್ನು ಮೇಲಕ್ಕೆತ್ತಿ ಹಾಕುವ ಪಂಪುಗಳಿವೆ ಎಂದ ಪೀಟರ್.

“ನಾವು ನೀರು ಬರ್ಲಿ ಅಂತ ದೇವ್ರಿಗೆ ಕೈ ಮುಗೀತೀವಿ. ಇವ್ರು ಬಂದ ನೀರ್ನ ಆಚೆಗ್ ಎತ್ತಾಕ್ತಾ ಕುಂತವ್ರೆ” ಎಂದು ಗೌಡರು ನಿಟ್ಟುಸಿರು ಬಿಟ್ಟರು. “ಒಂದ್ ಪಂಪಿನ್ ನೀರ್ನ ನಮ್ ಕಡೀಕೆ ತಿರುಗ್ಸಕ್ ಆಗಾಕಿಲ್ವಾ?”

ಮನೆಯ ಯಜಮಾನಿ ಪೀಟರನ ತಾಯಿ. ಹೆಸರು ನೇಲ್. ಅಜ್ಜಿಗೆ ಅಲ್ಲಿ ಓಮಾ ಎನ್ನುತ್ತಾರೆ. ಊರೆಲ್ಲ ಅವರನ್ನು ಓಮಾ ನೇಲ್ ಎನ್ನುತ್ತಿತ್ತು. ಗೌಡರ ಬಾಯಲ್ಲಿ ತೋಟ ತ್ವಾಟವಾಗುವ ಹಾಗೆ ಓಮಾ ‘ವಾಮಮ್ಮ’ ಆದರು. ಎಪ್ಪತ್ತಕ್ಕೆ ಹತ್ತಿರದ ಆಕೆ ಬೆನ್ನು ಬಾಗದ, ನೀಲಿ ಕಣ್ಣಿನ, ಗಂಟೆಗೊಮ್ಮೆ ಮೆಟ್ಟಿಲು ಒರೆಸುವ ಹೆಂಗಸು. ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬದ ಮುಚ್ಚಳ ಹಾಕಿಬಿಡುವುದು ಆ ದೇಶದ ರೂಢಿ. ಎರಡನೆಯದನ್ನು ಯಾರೂ ಕೇಳುವುದಿಲ್ಲ. ಇದು ತಿಳಿಯದ ಗೌಡರು ಮೊದಲ ದಿನ ಬೊಗಸೆ ತುಂಬ ತೆಗೆದುಕೊಂಡರು. ನಾನು ನಾಚಿ ನೆಲ ನೋಡಿದೆ. ಓಮಾ ಒಂದು ಗಳಿಗೆ ಡಬ್ಬವನ್ನು ನೋಡಿದರು, ಗೌಡರನ್ನು ನೋಡಿದರು, ಆಮೇಲೆ ಜೋರಾಗಿ ನಕ್ಕರು. ಮರುದಿನದಿಂದ ನನಗೂ ಪೀಟರನಿಗೂ ಒಂದೊಂದು ಬಿಸ್ಕತ್ತು. ಗೌಡರ ಮುಂದೆ ಡಬ್ಬವೇ.

ಸಂಜೆ ಹೊತ್ತು ಅವರಿಬ್ಬರೂ ಅಂಗಳದಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಇವರು ಕನ್ನಡ, ಅವರು ಡಚ್ಚು.

“ಏನ್ ಮಾತಾಡಿದಿರಿ ಗೌಡರೆ?” ಎಂದು ಒಮ್ಮೆ ಕೇಳಿದೆ.

“ಆವಮ್ಮಂಗೆ ಒಬ್ಳು ಅಕ್ಕ ಅವ್ಳಂತೆ ಕಣ್ ಸಾ. ಮಾತಿಲ್ವಂತೆ.”

ಇದು ಗೌಡರ ಕಲ್ಪನೆ ಎಂದುಕೊಂಡು ಪೀಟರನನ್ನು ವಿಚಾರಿಸಿದರೆ ಅವನು ಬೆರಗಾದ. ನಿಜ. ಓಮಾ ಹುಟ್ಟಿದ್ದು ಹೇಗ್ ನಗರದ ಪಕ್ಕದ ಕಡಲತೀರದ ಬೆಸ್ತರ ಕೇರಿಯಲ್ಲಿ. ಅಕ್ಕ ಮಾರ್ತ್ಯಾ ಈಗಲೂ ಅಲ್ಲೇ ಇದ್ದಾರೆ. ತಾಯಿ ಸತ್ತಾಗ ಆಕೆಯ ಟೋಪಿಯ ಚಿನ್ನದ ಪಿನ್ನುಗಳು ಯಾರಿಗೆ ಸೇರಬೇಕೆಂದು ಮಾತು ಬಂದು, ಹದಿನಾಲ್ಕು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ.

“ಓಲೆ ಜಗಳವಾ?” ಎಂದರು ಗೌಡರು. “ಅಂಗಾರೆ ನಮ್ಮೋರೇ ಬುಡಿ.”

ಇಳಿಯುವ ಹರಾಜು

ಹೂಕೋಸು ತುಂಬಿದ ಪೀಟರನ ದೋಣಿಯ ಹಿಂದೆಯೇ ನಾವು ತರಕಾರಿ ಹರಾಜಿಗೆ ಹೋದೆವು. ಹಾಸನದ ಮಂಗಳವಾರದ ಸಂತೆ ಕಂಡವರಿಗೆ ಇದು ಸಂತೆ ಎಂದರೆ ನಂಬಿಕೆ ಬಾರದು. ನೀರಿನ ಮೇಲೆ ಕಟ್ಟಿದ ಒಂದು ದೊಡ್ಡ ಹಜಾರ. ದೋಣಿಗಳು ಒಂದು ಬಾಗಿಲಿಂದ ತೇಲಿಬಂದು ಇನ್ನೊಂದರಿಂದ ತೇಲಿಹೋಗುತ್ತವೆ. ಗೋಡೆಯ ಮೇಲೆ ಗಡಿಯಾರದಂಥ ಒಂದು ಯಂತ್ರ. ಅದರ ಮುಳ್ಳು ದುಬಾರಿ ಬೆಲೆಯಿಂದ ಶುರುವಾಗಿ ಕೆಳಗಿಳಿಯುತ್ತ ಬರುತ್ತದೆ. ಎದುರಿನ ಬೆಂಚುಗಳಲ್ಲಿ ವ್ಯಾಪಾರಿಗಳು. ಪ್ರತಿಯೊಬ್ಬನ ಮುಂದೂ ಒಂದು ಗುಂಡಿ. ಯಾರು ಮೊದಲು ಒತ್ತುತ್ತಾನೋ ಮಾಲು ಅವನದು. ಕೂಗಾಟವಿಲ್ಲ, ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದಿಲ್ಲ.

“ಇಳೀತಾ ಬತ್ತದೆ, ಕಾಯ್ತಾ ಕುಂತಿರ್ಬೇಕು. ಇದು ಮರ್ಯಾದೆ ಯಾಪಾರ ಸಾ” ಎಂದು ಗೌಡರು ಮೆಚ್ಚಿ, ಒಂದು ಖಾಲಿ ಜಾಗದಲ್ಲಿ ಕೂತು, ನೆಮ್ಮದಿಯಾಗಿ ಮೊಣಕೈಯನ್ನು ಮೇಜಿಗೆ ಊರಿದರು. ಗಡಿಯಾರ ಟಕ್ಕನೆ ನಿಂತಿತು. ಇಡೀ ಸಭೆ ಹಿಂದಿರುಗಿ ನೋಡಿತು. ಗೌಡರು ಒಂದು ದೋಣಿ ಹೂಕೋಸು ಕೊಂಡಿದ್ದರು. ಅದು ಪೀಟರನದೇ ದೋಣಿ.

ಹರಾಜು ಕೂಗುವವನು, ಅಂದರೆ ಕೂಗದವನು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕು ಮುಳ್ಳನ್ನು ಮತ್ತೆ ಮೇಲಕ್ಕೆ ತಂದ. ಪೀಟರ್ ಮಾತ್ರ ದಾರಿಯುದ್ದಕ್ಕೂ ಕೆನಡಾದ ಇಂಗ್ಲಿಷಿನಲ್ಲಿ ಗೌಡರನ್ನು ಹೊಗಳುತ್ತಲೇ ಇದ್ದ. ಆ ಋತುವಿನಲ್ಲಿ ಅವನ ಕೋಸಿಗೆ ಅಷ್ಟು ಬೆಲೆ ಕಟ್ಟಿದವರು ಬೇರೆ ಯಾರೂ ಇರಲಿಲ್ಲವಂತೆ.

ಆ ದಿನ ಮನೆಗೆ ಬಂದಾಗ ಓಮಾ ಅಡಿಗೆಮನೆಯ ಮೇಜಿನ ಮೇಲೆ ಪತ್ರಿಕೆ ಹರಡಿ, ಭೂತಗನ್ನಡಿ ಹಿಡಿದು ಕೂತಿದ್ದರು. ಒಲೆಯ ಮೇಲೆ ಹಾಲು ಉಕ್ಕಿ ಹೋಗಿತ್ತು. ಆ ಮನೆಯಲ್ಲಿ ಅದು ನಡೆಯುವ ಸಂಗತಿಯಲ್ಲ.

ಪತ್ರಿಕೆಯಲ್ಲಿ ಅಂಗೈಯಗಲದ ಒಂದು ಫೋಟೋ. ಕಡಲಿನ ಅಂಚಿನಲ್ಲಿ ನಾಲ್ಕು ಮಕ್ಕಳು ಆಡುತ್ತಿರುವ ಹಳೆಯ ಬಣ್ಣದ ಚಿತ್ರವೊಂದು ಹೇಗ್ ನಗರದಲ್ಲಿ ಹರಾಜಿಗಿದೆ, ಬರೆದವರು ಯಾರೆಂದು ತಿಳಿಯದು ಎಂದು ಕೆಳಗೆ ಎರಡು ಸಾಲು. ಓಮಾ ಭೂತಗನ್ನಡಿಯನ್ನು ಮಕ್ಕಳ ಹಿಂದಿದ್ದ ದೋಣಿಯ ಮೇಲಿಟ್ಟರು. ದೋಣಿಯ ಮೂತಿಯಲ್ಲಿ ಅಂಕಿಗಳಂಥ ಮೂರು ಗೀಟು.

“ಇದು ನನ್ನ ಅಪ್ಪನ ದೋಣಿಯ ನಂಬರು” ಎಂದರು. “ಈ ಹುಡುಗಿ ನಾನು.”

ಅವರಿಗೆ ಆಗ ಏಳೆಂಟು ವರ್ಷ. ಬೇಸಿಗೆಯಲ್ಲಿ ಒಬ್ಬ ಗಡ್ಡದವನು ಬಂದು ಮರಳಿನಲ್ಲಿ ಮೂರು ಕಾಲಿನ ಸ್ಟ್ಯಾಂಡು ನೆಟ್ಟು ಇವರನ್ನು ಬರೆಯುತ್ತಿದ್ದನಂತೆ. ಆ ಕಾಲಕ್ಕೆ ಇಂಪ್ರೆಶನಿಸ್ಟರು ಎಂಬ ಕಲಾವಿದರಿದ್ದರಲ್ಲ, ಕೋಣೆ ಬಿಟ್ಟು ಬಯಲಿಗೆ ಬಂದು, ಬೆಳಕು ಹೇಗೆ ಕಂಡಿತೋ ಹಾಗೆ ಆ ಗಳಿಗೆಯಲ್ಲೇ ಬಣ್ಣ ಮೆತ್ತಿ ಹಿಡಿಯುವವರು, ಅಂಥವನು. ಚಿತ್ರ ಮುಗಿಯುವ ಮೊದಲೇ ಅವನು ಹೊರಟುಹೋದ. ಮುಗಿದ ಚಿತ್ರವನ್ನು ಓಮಾ ಕಂಡೇ ಇರಲಿಲ್ಲ.

“ಒಂದು ಸಲ ನೋಡಬೇಕು” ಎಂದರು. ಆಮೇಲೆ ಎದ್ದು ಉಕ್ಕಿದ ಹಾಲು ಒರೆಸಿದರು.

ಪೀಟರ್ ನನ್ನನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. ಎರಡು ವಾರಕ್ಕೆ ಅಮ್ಮನಿಗೆ ಎಪ್ಪತ್ತು ತುಂಬುತ್ತದೆ. ಸಹಿಯಿಲ್ಲದ, ಹೆಸರಿಲ್ಲದವನ ಚಿತ್ರ. ಹೆಚ್ಚು ಬೆಲೆ ಬಾಳದು. ಕೋಸಿನ ದುಡ್ಡು ಇದೆ. ಅಮ್ಮನಿಗೆ ಹೇಳದೆ ಕೊಂಡು ಹುಟ್ಟುಹಬ್ಬಕ್ಕೆ ಗೋಡೆಗೆ ತೂಗುಹಾಕುತ್ತೇನೆ, ಬಾಯಿ ಬಿಡಬೇಡ ಎಂದ. ಅಷ್ಟೆತ್ತರದ ಗಂಡಸು ಶಾಲೆಯ ಹುಡುಗನ ಹಾಗೆ ಕೆಂಪಾಗಿದ್ದ.

ಹೇಗ್, ಚಿತ್ರ ನೋಡುವ ದಿನ

ಹರಾಜಿನ ಹಿಂದಿನ ದಿನ ಯಾರು ಬೇಕಾದರೂ ಬಂದು ಸಾಮಾನುಗಳನ್ನು ನೋಡಬಹುದು. ನಾವು ನಾಲ್ವರೂ ಪೀಟರನ ಹಳೆಯ ಕಾರಿನಲ್ಲಿ ಹೊರಟೆವು. ಓಮಾ ಚರ್ಚಿನ ಕರಿ ಕೋಟು ಹಾಕಿದ್ದರು. ಗೌಡರು ಪಂಚೆ, ಕೋಟು, ರುಮಾಲು. ಹೇಗ್ ನಗರದ ಟ್ರಾಮು ಒಂದು ನಿಮಿಷ ಅವರಿಗಾಗಿ ನಿಂತಿತು. ಗೌಡರು ಅದಕ್ಕೆ ಕೈಯೆತ್ತಿ ನಮಸ್ಕಾರ ಮಾಡಿದರು.

ಹರಾಜಿನ ಮನೆಯಲ್ಲಿ ಬೆಳ್ಳಿ ಬಟ್ಟಲು, ಗಡಿಯಾರ, ಕಾಲು ಮುರಿದ ಕುರ್ಚಿ. ಅವುಗಳ ಹಿಂದಿನ ಗೋಡೆಯಲ್ಲಿ ಆ ಚಿತ್ರ. ನಾನು ದೊಡ್ಡದಿರಬಹುದು ಎಂದುಕೊಂಡಿದ್ದೆ. ಊಟದ ಎಲೆಯಷ್ಟೇ ಇತ್ತು. ಗೌಡರು ಮೂಗು ತಾಗಿಸುವಷ್ಟು ಹತ್ತಿರ ಹೋದರು.

“ಇದೇನ್ ಸಾ, ಬರೀ ಕಲಸಿ ಮೆತ್ತವ್ರೆ. ಮಕ್ಳೆಲ್ಲವೆ?”

ನಾನು ಅವರ ತೋಳು ಹಿಡಿದು ಹತ್ತು ಹೆಜ್ಜೆ ಹಿಂದಕ್ಕೆ ಎಳೆದೆ. ಅವರು ತಲೆಯೆತ್ತಿ ನೋಡಿದರು.

“ಅಯ್ಯಯ್ಯೋ, ಓಡ್ತಾವೆ ಕಣ್ ಸಾ!”

ನಿಜವಾಗಿಯೂ ಓಡುತ್ತಿದ್ದವು. ಮೂರು ಬಿಳಿ ಗೀಟು ಅಲೆಯಾಗಿತ್ತು. ಒಂದು ಕಿತ್ತಳೆ ಚುಕ್ಕೆ ಕೆನ್ನೆಯಾಗಿತ್ತು. ನೀಲಿ ಲಂಗ ಎತ್ತಿ ಹಿಡಿದು ಅಲೆಗೆ ಎದುರಾಗಿ ನಗುವ ಒಬ್ಬ ಹುಡುಗಿ, ನಮಗೆ ಬೆನ್ನು ಮಾಡಿ ನಿಂತ ಇನ್ನೊಬ್ಬಳು, ದೂರದಲ್ಲಿ ಮತ್ತಿಬ್ಬರು ಚಿಕ್ಕವರು. ನಮ್ಮ ಕಡೆ ಗೋಡೆಯ ಮೇಲಿನ ಪಟ ಎಂದರೆ ನಮ್ಮನ್ನೇ ನೋಡುತ್ತಿರುವ ದೇವರು, ಇಲ್ಲವೆ ನೆಟ್ಟಗೆ ಕೂತ ತಾತ. ಯಾರ ಹಂಗೂ ಇಲ್ಲದೆ ನೀರಾಡುವ ಮಕ್ಕಳನ್ನು ಚೌಕಟ್ಟು ಹಾಕಿ ತೂಗಿದ್ದನ್ನು ನಾನು ಮೊದಲು ಕಂಡದ್ದು ಅಲ್ಲಿ. ಹೊಳೆನರಸೀಪುರದಲ್ಲಿ ಹೇಮಾವತಿಯ ಮೆಟ್ಟಿಲ ಮೇಲೆ ದಿನಾ ಕಾಣುವ ಸಂತೋಷ ಅದು. ಅದನ್ನು ಬರೆದಿಡಬಹುದೆಂದು ನನಗೆ ತೋಚಿರಲಿಲ್ಲ.

ಓಮಾ ಬಹಳ ಹೊತ್ತು ನೋಡಿದರು. ಆಮೇಲೆ ನೀಲಿ ಲಂಗದ ಹುಡುಗಿಯತ್ತ ಬೆರಳು ಚಾಚಿ, “ಇದು ನಾನು” ಎಂದರು.

“ಅದು ನಾನು” ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದೆವು. ಬಿಳಿ ಲೇಸಿನ ಟೋಪಿ, ಟೋಪಿಯ ಎರಡು ಪಕ್ಕದಲ್ಲೂ ಚಿನ್ನದ ಪಿನ್ನು, ಕೈಯಲ್ಲಿ ಅದೇ ಪತ್ರಿಕೆಯ ತುಂಡು. ಓಮಾರದೇ ಮುಖ, ಇನ್ನೂ ನಾಲ್ಕು ಗೆರೆ ಹೆಚ್ಚು. ಅಕ್ಕ ಮಾರ್ತ್ಯಾ.

ಮುಂದಿನದನ್ನು ಪೀಟರ್ ಪಿಸುಮಾತಿನಲ್ಲಿ ಇಂಗ್ಲಿಷಿಗೆ ತಿರುಗಿಸುತ್ತಿದ್ದ. ನಾನು ಗೌಡರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ.

“ನೀನು ಬೆನ್ನು ತಿರುಗಿಸಿ ನಿಂತವಳು” ಎಂದರು ಮಾರ್ತ್ಯಾ. “ಅಲೆ ಕಂಡರೆ ಅಮ್ಮನ ಕಡೆ ಓಡುತ್ತಿದ್ದೆ.”

“ಹೆದರುತ್ತಿದ್ದವಳು ನೀನು! ನೀಲಿ ಲಂಗ ನನ್ನದು.”

“ನನ್ನದು. ನನಗೆ ಚಿಕ್ಕದಾದ ಮೇಲೆ ನಿನಗೆ ಬಂದದ್ದು.”

“ಗಾಳಿಗೆ ಅವನ ಚಿತ್ರ ಬಿದ್ದ ದಿನ ನೀಲಿ ಲಂಗ ಹಾಕಿದ್ದು ಯಾರು ಹೇಳು?”

ಮಾರ್ತ್ಯಾ ಚಿತ್ರದ ಕಡೆ ತಿರುಗಿದರು. “ಹೌದಲ್ಲ, ಚಿತ್ರ ಬಿತ್ತು” ಎಂದರು. “ಒದ್ದೆ ಮರಳಿನ ಮೇಲೆ ಮಕಾಡೆ ಬಿತ್ತು.”

“ಅವನು ಕುಂಚದ ಹಿಂಬದಿಯಿಂದ ಮರಳು ಕೀಳುತ್ತ ಕೂತ. ನಾವು ನಕ್ಕೆವು.”

“ನೀನು ನಕ್ಕು ನಕ್ಕು ಕೆಳಗೆ ಬಿದ್ದೆ.”

“ನೀನು ಬಿದ್ದದ್ದು!”

ಅಷ್ಟರಲ್ಲಿ ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದಿದ್ದರು. ಯಾರು ಮೊದಲು ಹಿಡಿದರೋ ನಾನು ಕಾಣಲಿಲ್ಲ. ಗೌಡರು ಕಂಡರಂತೆ: “ಇಬ್ರೂ ಒಟ್ಗೇ ಸಾ.”

ಇದನ್ನೆಲ್ಲ ಕೇಳುತ್ತ ಹರಾಜಿನ ಮನೆಯ ಮುದುಕರೊಬ್ಬರು ಪಕ್ಕದಲ್ಲಿ ನಿಂತಿದ್ದರು. ಅವರು ಮರ್ಯಾದೆಯಿಂದ ಬಾಗಿ, ಮರಳಿನ ಮಾತನ್ನು ಇನ್ನೊಮ್ಮೆ ಹೇಳುವಿರಾ ಎಂದು ಕೇಳಿದರು. ಅಕ್ಕತಂಗಿಯರು ಇಬ್ಬರೂ ಒಟ್ಟಿಗೆ ಹೇಳಿದರು. ಅವರು ದೀಪ ತರಿಸಿ, ಮಸೂರ ಹಿಡಿದು ಚಿತ್ರದ ಆಕಾಶವನ್ನು ಅಂಗುಲ ಅಂಗುಲವಾಗಿ ನೋಡಿದರು. ಬಣ್ಣದೊಳಗೆ ಸಾಸಿವೆಗಿಂತ ಸಣ್ಣ ಮರಳಿನ ಕಾಳುಗಳು ಹೂತಿದ್ದವು. ಮುದುಕರು ಮಸೂರ ಇಳಿಸಿ ನಮ್ಮ ಕಡೆ ತಿರುಗಿದರು. ಆ ಕಾಲದ ಹೆಸರಾಂತ ಕಲಾವಿದನೊಬ್ಬ ಗೆಳೆಯನಿಗೆ ಬರೆದ ಕಾಗದದಲ್ಲಿ ಇದೇ ಸಂಗತಿ ಇದೆಯಂತೆ: ಗಾಳಿ ಚಿತ್ರವನ್ನು ಕೆಡವಿತು, ಬೆಸ್ತರ ಇಬ್ಬರು ಹುಡುಗಿಯರು ನನ್ನನ್ನು ನೋಡಿ ಹೊಟ್ಟೆ ಹಿಡಿದು ನಕ್ಕರು ಎಂದು. ಆ ಚಿತ್ರ ಯಾವುದೆಂದು ಇದುವರೆಗೆ ಯಾರಿಗೂ ತಿಳಿದಿರಲಿಲ್ಲ.

ಓಮಾ ಹೆಮ್ಮೆಯಿಂದ ಮಗನ ಕಡೆ ನೋಡಿದರು. ಪೀಟರ್ ನಗಲು ಪ್ರಯತ್ನಪಟ್ಟ. ಆಮೇಲೆ ನನ್ನ ಕಿವಿಯಲ್ಲಿ ಒಂದೇ ಒಂದು ಕೆನಡಾದ ಪದ ಹೇಳಿದ. ಆ ಸಲ ಅದರ ಅರ್ಥ ಅವನಿಗೆ ಗೊತ್ತಿತ್ತೆಂದು ನನಗನ್ನಿಸಿತು.

ಏರುವ ಹರಾಜು

ಆ ರಾತ್ರಿ ನಮ್ಮೆಲ್ಲರನ್ನೂ ಮಾರ್ತ್ಯಾ ತಮ್ಮ ಮನೆಗೆ ಕರೆದೊಯ್ದರು. ಬೆಸ್ತರ ಪುಟ್ಟ ಮನೆ. ಹಾಸಿಗೆಗಳು ಗೋಡೆಯ ಕಪಾಟಿನೊಳಗೆ. ನನ್ನನ್ನೂ ಗೌಡರನ್ನೂ ಒಂದು ಕಪಾಟಿಗೆ ಹಾಕಿ ಬಾಗಿಲು ಮುಚ್ಚಿದರು. ಬೆಳಗ್ಗೆ ಗೌಡರು ಹೊರಬಂದು, “ಮಾವಿನಕಾಯಿ ಅಣ್ಣಿಗಾಕ್ದಂಗೆ ಆಕಿದ್ರು ಸಾ” ಎಂದರು.

ಹರಾಜಿನ ಮನೆಯಲ್ಲಿ ಚಿತ್ರದ ಕೆಳಗಿನ ಚೀಟಿ ಬದಲಾಗಿತ್ತು. ಅದರಲ್ಲಿ ಈಗ ಕಲಾವಿದನ ಹೆಸರು ಬಂದಿತ್ತು. ಹಿಂದಿನ ದಿನ ಅರ್ಧ ಖಾಲಿಯಿದ್ದ ಸಭೆಯಲ್ಲಿ ಕೂರಲು ಜಾಗವಿರಲಿಲ್ಲ. ಪೀಟರ್ ಎರಡನೇ ಸಾಲಿನಲ್ಲಿ ಕೂತಿದ್ದ. ಗೌಡರು ಎರಡು ಕೈಗಳನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂತರು; ಕೋಸಿನ ನೆನಪು ಇನ್ನೂ ಹಸಿಯಾಗಿತ್ತು.

ಚಿತ್ರ ಬಂತು. ಬೆಲೆ ಶುರುವಾಯಿತು. ಪೀಟರ್ ಕೈಯೆತ್ತಿದ. ಯಾರೋ ಏರಿಸಿದರು. ಅವನು ಮತ್ತೆ ಎತ್ತಿದ.

ಗೌಡರು ಚಡಪಡಿಸಿದರು. “ಯಾಕ್ ಸಾ ಅರ್ಜೆಂಟ್ ಮಾಡ್ತಾವ್ನೆ? ಇಳಿಯೋಗಂಟ ಸುಮ್ಕಿರು ಅಂತ ಏಳಿ.”

“ಇದು ಇಳಿಯುವುದಿಲ್ಲ ಗೌಡರೆ. ಇದು ನಮ್ಮೂರಿನಂತೆ ಏರುವ ಹರಾಜು.”

“ಒಂದೇ ದೇಸ್ದಲ್ಲಿ ಕೋಸು ಇಳೀತದೆ, ಪಟ ಏರ್ತದಾ?”

ಪೀಟರ್ ಮೂರನೆಯ ಸಲ ಕೈಯೆತ್ತಿದ. ಆಗಲೇ ಅದು ಕೋಸಿನ ದುಡ್ಡನ್ನು ದಾಟಿತ್ತೆಂದು ಅವನ ಕತ್ತಿನ ನರ ಹೇಳುತ್ತಿತ್ತು. ನಾಲ್ಕನೆಯ ಸಲ ಕೈ ಮೊಣಕಾಲಿನ ಮೇಲೆಯೇ ಉಳಿಯಿತು. ಬೆಲೆ ಅವನನ್ನು ಬಿಟ್ಟು, ಗಾಳಿಪಟದ ಹಾಗೆ ಮೇಲೆ ಮೇಲೆ ಹೋಯಿತು. ಕೊನೆಗೆ ಬೂದು ಕೋಟಿನ ಒಬ್ಬರಿಗೆ ಸುತ್ತಿಗೆ ಬಿತ್ತು.

ಓಮಾಗೆ ಆಗ ತಿಳಿಯಿತು. ಮಗ ಮೂರು ಸಲ ಕೈಯೆತ್ತಿದ್ದನ್ನು ಹಿಂದಿನ ಸಾಲಿನಿಂದ ಅವರು ನೋಡಿದ್ದರು. ಎದ್ದು ಬಂದು ಅವನ ಪಕ್ಕ ನಿಂತರು. ಅಳುತ್ತಾರೇನೋ ಎಂದುಕೊಂಡೆ.

“ಪೆದ್ದ” ಎಂದರು. “ನಿನ್ನೆಯೇ ಹೇಳಿದ್ದರೆ ಮರಳಿನ ಮಾತು ನಾನು ಎತ್ತುತ್ತಿರಲಿಲ್ಲ.”

ಪೀಟರ್ ತಲೆ ತಗ್ಗಿಸಿದ. ಓಮಾ ಅವನ ಕೂದಲು ಸರಿಮಾಡಿದರು. ನಲವತ್ತು ದಾಟಿದ ಮಗನಿಗೆ ತುಂಬಿದ ಸಭೆಯಲ್ಲಿ ತಲೆ ಬಾಚುವ ತಾಯಿಯನ್ನು ನಾನು ಕಂಡದ್ದು ಅಲ್ಲೇ.

ಬೂದು ಕೋಟಿನವರು ಆ ಊರಿನ ಮ್ಯೂಸಿಯಮ್ಮಿನ ಪರವಾಗಿ ಕೊಂಡವರಲ್ಲ. ಸಮುದ್ರದಾಚೆಯ ದೇಶದ ಒಬ್ಬ ಹಣವಂತರು. ಚಿತ್ರದ ಮಕ್ಕಳು ಸಭೆಯಲ್ಲೇ ಇದ್ದಾರೆಂದು ಯಾರೋ ಹೇಳಿದ್ದರಿಂದ ಅವರು ಟೋಪಿ ತೆಗೆದು ಹತ್ತಿರ ಬಂದರು. ತಾವು ಯಾವ ಹುಡುಗಿ ಎಂದು ವಿನಯದಿಂದ ಕೇಳಿದರು.

ಇಬ್ಬರು ಮುದುಕಿಯರ ಬೆರಳುಗಳೂ ನೀಲಿ ಲಂಗಕ್ಕೇ ಹೋದವು.

ಆ ಮನುಷ್ಯ ಒಳ್ಳೆಯವನು. ನಗುವನ್ನು ಕೆಮ್ಮಾಗಿ ಮಾಡಿಕೊಂಡು, ಇಬ್ಬರೂ ಚಿತ್ರದ ಹಿಂದೆ ಹೆಸರು ಬರೆದುಕೊಡಬೇಕೆಂದು ಬೇಡಿದ. ಹರಾಜಿನ ಮನೆಯ ಮುದುಕರು ಚಿತ್ರವನ್ನು ಮಗುವಿನಂತೆ ತಿರುಗಿಸಿ ಹಿಡಿದರು. ಹಿಂಬದಿಯ ಮರದ ಪಟ್ಟಿಯ ಮೇಲೆ ಮಾರ್ತ್ಯಾ ಹಿರಿಯರೆಂದು ಮೊದಲು ಬರೆದರು. ಓಮಾ ಕೆಳಗೆ ಬರೆದರು, ಸ್ವಲ್ಪ ದೊಡ್ಡ ಅಕ್ಷರದಲ್ಲಿ.

ಕಡಲ ದಂಡೆ

ಮಧ್ಯಾಹ್ನ ಬಿಸಿಲು ಬಂತು. ಆ ದೇಶದಲ್ಲಿ ಬಿಸಿಲು ಬಂದರೆ ಆಫೀಸೂ ಅಂಗಡಿಯೂ ಅರ್ಧ ಖಾಲಿಯಾಗುತ್ತವೆ. ನಾವು ನೆರಳಿಗೆ ಓಡುವ ಹಾಗೆ ಅವರು ಬಿಸಿಲಿಗೆ ಓಡುತ್ತಾರೆ. ಅಕ್ಕತಂಗಿಯರು ನಮ್ಮನ್ನು ತಮ್ಮ ಹಳೆಯ ಕಡಲತೀರಕ್ಕೆ ಕರೆದೊಯ್ದರು. ಅದರ ಹೆಸರು ಸ್ಖೇವನಿಂಗನ್. ಪರದೇಶದವರ ನಾಲಿಗೆಗೆ ಅದು ಹೊರಳದು ಎಂಬುದು ಅಲ್ಲಿನವರ ಹೆಮ್ಮೆ. ಗೌಡರು ಮೊದಲ ಸಲಕ್ಕೇ ಗಂಟಲು ಕ್ಯಾಕರಿಸಿ ಹೇಳಿಬಿಟ್ಟರು. ಮೀನು ಮಾರುವವನು ಖುಷಿಯಾಗಿ ಅವರಿಗೊಂದು ಹಸಿ ಮೀನನ್ನು ಬಾಲ ಹಿಡಿದು ಕೊಟ್ಟ. ಗೌಡರು ಅದನ್ನು ಭಕ್ತಿಯಿಂದ ಪೀಟರನ ಕೈಗೆ ದಾಟಿಸಿದರು. ಸಸ್ಯಾಹಾರಿಯಾದ ನಾನು ಕರಿದ ಆಲೂಗಡ್ಡೆ ತಿಂದೆ. ಆರು ತಿಂಗಳು ನನ್ನ ಪ್ರಾಣ ಉಳಿಸಿದ್ದೇ ಅದು.

ಮಾರ್ತ್ಯಾ ಮರಳಿನ ಮೇಲೆ ಕೂತು ಕಾಲುಚೀಲ ಕಳಚತೊಡಗಿದರು. ಓಮಾ ಸುತ್ತ ನೋಡಿ, ಬೇಡ ಬೇಡ ಎನ್ನುತ್ತಲೇ ತಮ್ಮದನ್ನೂ ಕಳಚಿದರು. ಇಬ್ಬರೂ ಕೈ ಹಿಡಿದು ನೀರಿಗಿಳಿದರು. ಅಲೆ ಬಂದು ಮೊಣಕಾಲಿಗೆ ಹೊಡೆಯಿತು. ಇಬ್ಬರೂ ಕಿರುಚಿದರು. ಮುಂದೆ ಹೋದವರು ಯಾರು, ಹಿಂದಕ್ಕೆ ಸರಿದವರು ಯಾರು ಎಂದು ಹೇಳಿದರೆ ಹೊಸ ಜಗಳವಾದೀತು, ಬರೆಯುವುದಿಲ್ಲ.

“ನಡೀರಿ ಸಾ” ಎಂದರು ಗೌಡರು. ಪಂಚೆಯನ್ನು ಎತ್ತಿ ಕಟ್ಟಿ ಓಡಿದರು. ನಾನೂ ಪ್ಯಾಂಟು ಮಡಚಿದೆ. ನೀರು ಮಂಜುಗಡ್ಡೆಯಂತಿತ್ತು. ಪೀಟರ್ ದಡದಲ್ಲಿ ನಾಲ್ವರ ಚಪ್ಪಲಿ ಕಾಯುತ್ತ ಎರಡು ನಿಮಿಷ ನಿಂತ. ಆಮೇಲೆ ಅವನೂ ಬಂದ, ಬೂಟಿನ ಸಮೇತ.

ಎಪ್ಪತ್ತು ತುಂಬಿದ ದಿನ

ಓಮಾ ಅಕ್ಕನ ಮನೆಯಲ್ಲಿ ವಾರವಿದ್ದು, ಅಕ್ಕನನ್ನೂ ಕರೆದುಕೊಂಡು ಊರಿಗೆ ಬಂದರು. ಹುಟ್ಟುಹಬ್ಬದ ದಿನ ಅಲ್ಲಿ ವಿಚಿತ್ರ. ಕುರ್ಚಿಗಳನ್ನು ದುಂಡಗೆ ಹಾಕಿ ಎಲ್ಲರೂ ಕೂರುತ್ತಾರೆ. ಬಂದವರು ಹುಟ್ಟಿದವರಿಗೆ ಮಾತ್ರವಲ್ಲ, ಮಗನಿಗೆ, ಅಕ್ಕನಿಗೆ, ಪಕ್ಕದ ಮನೆಯವರಿಗೆ, ಕೊನೆಗೆ ನಮಗೂ ಕೈಕುಲುಕಿ ಶುಭಾಶಯ ಹೇಳುತ್ತಾರೆ. ಓಮಾಗೆ ಎಪ್ಪತ್ತಾದುದಕ್ಕೆ ಗೌಡರು ಮೂವತ್ತು ಜನರಿಂದ ಅಭಿನಂದನೆ ಸ್ವೀಕರಿಸಿದರು.

ಪೀಟರ್ ಮಾತ್ರ ಮಂಕಾಗಿದ್ದ. ಅಮ್ಮನಿಗೆ ಕೊಟ್ಟದ್ದು ಒಂದು ಉಣ್ಣೆಯ ಶಾಲು. ನಿಮ್ಮ ದೇಶದಲ್ಲಿ ಎಪ್ಪತ್ತಾದರೆ ಏನು ಮಾಡುತ್ತೀರಿ ಎಂದು ಕೇಳಿದ. ಶಾಂತಿ ಮಾಡಿಸುತ್ತೇವೆ, ಎಲ್ಲ ಮುಗಿದ ಮೇಲೆ ಹಸೆಯ ಮೇಲೆ ಕೂರಿಸಿ ಆರತಿ ಎತ್ತುತ್ತೇವೆ ಎಂದೆ.

“ಅಂಗಾರೆ ಎತ್ತವ ಸಾ!” ಎಂದು ಗೌಡರು ಎದ್ದೇಬಿಟ್ಟರು. ಗಾಯಕ್ಕೆ ಹಚ್ಚಲೆಂದು ಹೆಂಡತಿ ಕಟ್ಟಿಕೊಟ್ಟಿದ್ದ ಅರಿಸಿನ ಅವರ ಟ್ರಂಕಿನಲ್ಲಿತ್ತು. ಕೊಟ್ಟಿಗೆಗೆ ಹೊಡೆಯುವ ಸುಣ್ಣ ಸಿಕ್ಕಿತು. ಸೂಪಿನ ತಟ್ಟೆಯಲ್ಲಿ ನೀರು ಹಾಕಿ ಎರಡನ್ನೂ ಕಲಸಿದಾಗ ನೀರು ಕೆಂಪಾಯಿತು. ಸೇರಿದ್ದ ಜನ ಓ ಎಂದು ಉದ್ಗರಿಸಿದರು. ಆರತಿ ಎತ್ತಲು ಹೆಂಗಸರು ಬೇಕಲ್ಲ. ಪಕ್ಕದ ಹೊಲದ ರೈತನ ಹೆಂಡತಿ ಗ್ರೀತ್ಯಾ ಮುಂದೆ ಬಂದಳು. ಗೌಡರು ಅವಳಿಗೆ ಕನ್ನಡದಲ್ಲಿ ಪಾಠ ಹೇಳಿದರು: “ಇಂಗೆ, ಬಲಗಡೆಯಿಂದ. ನಿಧಾನಕ್ ಕಣವ್ವಾ, ಚೆಲ್ಲೀಯ!” ಅವಳು ಒಂದು ಹನಿಯೂ ಚೆಲ್ಲಲಿಲ್ಲ.

“ಆಡು ಏಳಿ ಸಾ.”

ನಾನು ರುದ್ರಪಟ್ಟಣದವನು. ನಮ್ಮೂರಿನ ಮನೆಮನೆಯಲ್ಲೂ ಸಂಗೀತ ವಿದ್ವಾಂಸರು. ನಮ್ಮ ಮನೆಯಲ್ಲಿ ನನ್ನೊಬ್ಬನಿಗೆ ಶ್ರುತಿ ಹಿಡಿಯದೆಂದು ತಂದೆ ನನ್ನನ್ನು ಕೃಷಿ ಓದಲು ಕಳಿಸಿದರು. ಆದರೆ ಅಲ್ಲಿ ಯಾರಿಗೆ ಗೊತ್ತು? ಅಮ್ಮ ಹೇಳುತ್ತಿದ್ದ ಆರತಿ ಹಾಡನ್ನು ಗಟ್ಟಿಯಾಗಿ ಹಾಡಿದೆ. ರೈತರೆಲ್ಲ ಟೋಪಿ ತೆಗೆದು ಎದ್ದು ನಿಂತರು. ಹಸೆಯ ಬದಲು ಸೋಫಾದಲ್ಲಿ ಅಕ್ಕತಂಗಿಯರು ಒತ್ತಿಕೊಂಡು ಕೂತಿದ್ದರು. ಆರತಿ ಓಮಾಗೆ ಮಾತ್ರ ಎಂದು ಪೀಟರ್ ಹೇಳಿದರೂ ಮಾರ್ತ್ಯಾ ಏಳಲಿಲ್ಲ. ಓಮಾ ಅವರ ಕೈ ಬಿಡಲೂ ಇಲ್ಲ. ಗ್ರೀತ್ಯಾ ಕೆಂಪು ನೀರನ್ನು ಇಬ್ಬರ ಹಣೆಗೂ ಇಟ್ಟಳು. ಗೋಡೆಗೆ ಒರಗಿ ನಿಂತಿದ್ದ ಪೀಟರನ ಮುಖ ನೋಡಿದೆ. ಅವನು ಶಾಲಿನ ವಿಷಯ ಮರೆತಿದ್ದ.

ನನ್ನ ಹಾಡಿಗೆ ಬದುಕಿನಲ್ಲಿ ಮೊದಲ ಸಲ ಚಪ್ಪಾಳೆ ಬಿತ್ತು. ಈ ಮಾತನ್ನು ರುದ್ರಪಟ್ಟಣದಲ್ಲಿ ಯಾರೂ ನಂಬುವುದಿಲ್ಲ.

ಮರುದಿನ ಬೆಳಗ್ಗೆ ನಾವು ಹೊಲದಲ್ಲಿದ್ದಾಗ ಗ್ರೀತ್ಯಾ ಸೈಕಲ್ಲಿನಲ್ಲಿ ಬಂದಿಳಿದು, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಪೀಟರನ ಹತ್ತಿರ ಏನೋ ಹೇಳಿದಳು. ಪೀಟರ್ ನನಗೆ ಹೇಳಿದ. ಅವಳ ತಾಯಿಗೆ ಮುಂದಿನ ತಿಂಗಳು ಎಂಬತ್ತು ತುಂಬುತ್ತದೆ. ಅದರ ಹಿಂದಿನ ವಾರ ಅತ್ತೆಗೆ ಎಪ್ಪತ್ತೈದು. ಆಚೆ ಹಳ್ಳಿಯ ಪಾದ್ರಿಗಳ ಅಕ್ಕ ಕೂಡ ಕೇಳಿ ಕಳಿಸಿದ್ದಾರೆ. ಈ ಮಹನೀಯರು ಅಲ್ಲಿಯವರೆಗೂ ಊರಿನಲ್ಲಿ ಇರುತ್ತಾರೆಯೇ?

ನಾನು ಕನ್ನಡದಲ್ಲಿ ಹೇಳುವ ಮೊದಲೇ ಗೌಡರು ಮಣ್ಣಿನ ಕೈ ಕೊಡವಿ ಅವಳಿಗೆ ತಲೆಯಾಡಿಸಿಬಿಟ್ಟಿದ್ದರು.

“ಅರಿಸಿನ ಇನ್ನೂ ಅರ್ಧ ಪೊಟ್ಣ ಐತೆ ಕಣವ್ವಾ” ಎಂದರು. “ಬತ್ತೀವಿ ಓಗು.”